ಪೆಟ್ಟಿಗೆಯ ಜೇಡವೂ ಶ್ರಾವಕನ ಅಹಿಂಸಾಣುವ್ರತವೂ

ಸಾಕುಪ್ರಾಣಿ ಎಂದೊಡನೆ ನಾಯಿ, ಬೆಕ್ಕು, ಗಿಳಿ, ಬಣ್ಣದ ಮೀನುಗಳಷ್ಟೇ ನೆನಪಿಗೆ ಬರುತ್ತಿದ್ದ ಕಾಲವೊಂದಿತ್ತು. ಈಗ ಆ ಸಾಲಿಗೆ ಟ್ಯಾರಂಟುಲಾ ಎಂಬ ದೊಡ್ಡ ಜೇಡವೂ ಸೇರಿಕೊಂಡಿದೆ. ಕಾಲು ಚಾಚಿದರೆ ಅಂಗೈಯನ್ನು ತುಂಬುವ, ಮೈಯೆಲ್ಲ ರೋಮವುಳ್ಳ ಈ ಜೀವಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸವು ಯುರೋಪು, ಅಮೆರಿಕಗಳಲ್ಲಿ ಹಲವು ದಶಕಗಳಿಂದ ಬೆಳೆದು ಬಂದಿದ್ದು, ಭಾರತಕ್ಕೂ ಕಾಲಿಟ್ಟಿದೆ. ೨೦೨೧ರ ಜುಲೈ ತಿಂಗಳಲ್ಲಿ ಪೋಲೆಂಡಿನಿಂದ ಬಂದ ಅಂಚೆಯ ಪೊಟ್ಟಣವೊಂದನ್ನು ಚೆನ್ನೈನ ಸುಂಕದ ಅಧಿಕಾರಿಗಳು ಬಿಚ್ಚಿ ನೋಡಿದಾಗ, ಬೆಳ್ಳಿಯ ಬಣ್ಣದ ಹಾಳೆಯಲ್ಲೂ ಹತ್ತಿಯಲ್ಲೂ ಸುತ್ತಿದ್ದ ೧೦೭ ಪುಟ್ಟ ಶೀಶೆಗಳಲ್ಲಿ ಜೀವಂತ ಜೇಡಗಳಿದ್ದವು. ಅನುಮತಿಯಿಲ್ಲದೆ ತರಿಸಿದ್ದಾದ್ದರಿಂದ ಅವನ್ನು ಬಂದ ದೇಶಕ್ಕೇ ಹಿಂದಿರುಗಿಸಲು ಕ್ರಮ ಕೈಗೊಳ್ಳಲಾಯಿತು. ತರಿಸಿಕೊಳ್ಳುವವರಿಲ್ಲದೆ ಇಂತಹ ಪೊಟ್ಟಣಗಳು ಬರುವುದಿಲ್ಲ.

ಪರ್ವರಿಯಂತಹ ಬೆಳೆಯುತ್ತಿರುವ ಊರಿನಲ್ಲಿ ಗುಜರಾತಿ, ಮರಾಠಿ, ಹಿಂದಿ, ಕನ್ನಡ ಮಾತನಾಡುವ ಜೈನ ಮನೆತನಗಳು ಒಂದೇ ಕಟ್ಟಡದ ಬೇರೆ ಬೇರೆ ಮಹಡಿಗಳಲ್ಲಿ ವಾಸಿಸುವುದುಂಟು. ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ದೀಪಕ್ಕೆ ಮುತ್ತುವ ಹುಳುಗಳು ಅನ್ನದಲ್ಲಿ ಬಿದ್ದು ಸಾಯಬಾರದೆಂದು ಅಜ್ಜಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುತ್ತಾರೆ. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಅದೇ ಮನೆಯ ಕಾಲೇಜು ವಿದ್ಯಾರ್ಥಿಯಾದ ಮೊಮ್ಮಗನ ಕೋಣೆಯಲ್ಲಿ, ತೆಂಗಿನ ನಾರಿನ ಪುಡಿ ಹಾಸಿದ ಗಾಜಿನ ಪೆಟ್ಟಿಗೆಯೊಂದರಲ್ಲಿ, ಟ್ಯಾರಂಟುಲಾ ಕುಳಿತಿದೆ. ವಾರಕ್ಕೊಮ್ಮೆ ಅವನು ಅದರೊಳಕ್ಕೆ ಒಂದು ಜೀವಂತ ಚಿಮ್ಮಂಡೆ ಹುಳುವನ್ನು ಬಿಡುತ್ತಾನೆ. ಅಜ್ಜಿ ಬೇಡವೆನ್ನುತ್ತಾರೆ. ಮೊಮ್ಮಗನ ಉತ್ತರವು ತಳ್ಳಿಹಾಕುವಂತಹುದಲ್ಲ: "ಎಲ್ಲರೂ ಕಂಡಲ್ಲಿ ಚಪ್ಪಲಿಯಿಂದ ಹೊಡೆಯುವ ಜೀವವನ್ನು ನಾನು ಕಾಪಾಡುತ್ತಿದ್ದೇನೆ, ಅಜ್ಜಿ. ಇದೂ ಜೀವದಯೆಯಲ್ಲವೇ?"

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಆ ಜೀವಿಯನ್ನು ಸ್ವಲ್ಪ ತಿಳಿಯಬೇಕು. ಟ್ಯಾರಂಟುಲಾ ಎಂಬ ಹೆಸರು ಇಟಲಿಯ ಟಾರಂಟೊ ಪಟ್ಟಣದಿಂದ ಬಂದದ್ದು. ಮೊದಲಿಗೆ ಅದು ಬೇರೊಂದು ಬಗೆಯ ಜೇಡದ ಹೆಸರಾಗಿತ್ತು. ಇಂದು ಆ ಹೆಸರಿನಿಂದ ಕರೆಯುವುದು ಥೆರಫೋಸಿಡೇ ಎಂಬ ಕುಟುಂಬಕ್ಕೆ ಸೇರಿದ, ಸಾವಿರಕ್ಕೂ ಮಿಕ್ಕಿದ ಪ್ರಭೇದಗಳನ್ನು. ಮನೆಯ ಮೂಲೆಯ ಜೇಡದಂತೆ ಇವು ಚಕ್ರಾಕಾರದ ಬಲೆ ನೇಯ್ದು ಕಾಯುವುದಿಲ್ಲ. ನೆಲದ ಬಿಲದ ಬಾಯಿಯಲ್ಲೋ ಮರದ ಪೊಟರೆಯಲ್ಲೋ ಕುಳಿತು, ಹತ್ತಿರ ಸುಳಿದ ಹುಳುವಿನ ಮೇಲೆ ಎರಗುತ್ತವೆ. ಗೋವಾದವರಿಗಾಗಲಿ ಉತ್ತರ ಕನ್ನಡದವರಿಗಾಗಲಿ ಇವು ಪರದೇಶಿಗಳೇನಲ್ಲ. ಘಟ್ಟದ ಕಾಡುದಾರಿಯ ಮಣ್ಣಿನ ದರೆಗಳಲ್ಲಿ ರೇಷ್ಮೆಯ ಅಂಚುಳ್ಳ ದುಂಡನೆಯ ಬಿಲಗಳನ್ನು ಮಾಡಿಕೊಂಡಿರುವ ಥ್ರಿಗ್ಮೊಪಿಯಸ್ ಎಂಬ ಕುಲವು ಪಶ್ಚಿಮ ಘಟ್ಟದ ಸ್ವಂತ ಸಂಪತ್ತು. ೧೮೯೯ರಲ್ಲಿ ಅದಕ್ಕೆ ಆ ಹೆಸರಿಟ್ಟವನು ಪೋಕಾಕ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞ. (ಭಾಷೆಗಳ ವಿನೋದವೊಂದನ್ನು ಇಲ್ಲಿ ಹೇಳಬಹುದು. ಜೇಡಕ್ಕೆ ಗುಜರಾತಿಯಲ್ಲಿ ಕರೋಳಿಯೋ ಎಂದೂ, ಹಿಂದಿಯಲ್ಲಿ ಮಕಡೀ ಎಂದೂ, ಮರಾಠಿಯಲ್ಲಿ ಕೋಳೀ ಎಂದೂ ಹೆಸರು. ಮರಾಠಿಯ ನೆರೆಯವರು ತಮ್ಮ ಮನೆಯಲ್ಲಿ ಕೋಳೀ ಇದೆಯೆಂದರೆ ಕನ್ನಡದ ಶ್ರಾವಕರು ಗಾಬರಿಯಾಗಬೇಕಿಲ್ಲ.)

ಪೆಟ್ಟಿಗೆಯ ಜೇಡವನ್ನು ನೋಡಿಕೊಳ್ಳುವ ಕೆಲಸ ಹೊರಗಿನವರು ತಿಳಿದಷ್ಟು ಸುಲಭವಲ್ಲ, ಕ್ರೂರವೂ ಅಲ್ಲ. ನೆಲಹಾಸು ತೇವವಾಗಿರಬೇಕು, ಆದರೆ ಬೂಷ್ಟು ಹಿಡಿಯಬಾರದು. ಪುಟ್ಟ ಬಟ್ಟಲಲ್ಲಿ ನೀರಿರಬೇಕು. ಅಡಗಲು ಮರೆ ಬೇಕು. ಅದನ್ನು ಕೈಯಲ್ಲಿ ಹಿಡಿದು ಆಡಿಸುವುದು ತಿಳಿವಳಿಕೆಯುಳ್ಳವರ ಲಕ್ಷಣವಲ್ಲ. ಅದರ ಉದರದ ಚರ್ಮ ಬಹಳ ತೆಳು. ಕೈಯಿಂದ ನೆಲಕ್ಕೆ ಬಿದ್ದರೆ ಒಡೆದು ಸಾಯುತ್ತದೆ. ಬೆಳೆಯುವಾಗ ಅದು ಹಳೆಯ ಹೊದಿಕೆಯನ್ನು ಕಳಚುತ್ತದೆ. ಸಾಮಾನ್ಯವಾಗಿ ಅಂಗಾತ ಮಲಗಿ, ಗಂಟೆಗಟ್ಟಲೆ ಶ್ರಮಪಟ್ಟು, ಒಂದೊಂದೇ ಕಾಲನ್ನು ಹಳೆಯ ಚರ್ಮದಿಂದ ಹೊರಗೆಳೆದುಕೊಳ್ಳುತ್ತದೆ. ಅದಕ್ಕೆ ಮೊದಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆಹಾರವನ್ನೇ ಮುಟ್ಟುವುದಿಲ್ಲ. ಅರಿಯದ ಹುಡುಗರು ಅದು ಸತ್ತಿತೆಂದು ಎತ್ತಿ ಎಸೆಯುವುದುಂಟು. ಕಳಚಿದ ಮೇಲೆ ಕೆಲವು ದಿನ ಮೈ ಮೃದುವಾಗಿರುತ್ತದೆ. ಆಗ ಪೆಟ್ಟಿಗೆಯಲ್ಲಿ ಉಳಿದುಹೋದ ಚಿಮ್ಮಂಡೆಯೇ ಜೇಡವನ್ನು ಕಚ್ಚಿ ಕೊಲ್ಲಬಲ್ಲದು. ಹಿಂಸ್ರಜೀವಿ ಯಾವುದು, ಬಲಿ ಯಾವುದು ಎಂಬುದು ಆ ಎರಡು ದಿನಗಳ ಮಟ್ಟಿಗೆ ತಲೆಕೆಳಗಾಗುತ್ತದೆ. ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ಕಾಲ ಬಾಳುವುದಿಲ್ಲ. ಕೆಲವು ಪ್ರಭೇದಗಳ ಹೆಣ್ಣುಗಳು ಇಪ್ಪತ್ತು ವರ್ಷಗಳನ್ನೂ ದಾಟುತ್ತವೆ. ಇಂತಹ ಜೀವಿಯನ್ನು ಸಾಕುವವನಲ್ಲಿ ತಾಳ್ಮೆಯೂ ಎಚ್ಚರವೂ ಬೆಳೆಯುತ್ತವೆಂಬುದು ನಿಜ. ತನಗೆ ಪ್ರತಿಯಾಗಿ ಏನನ್ನೂ ಕೊಡದ, ಸಾಕಿದವನನ್ನು ಒಡೆಯನೆಂದು ಪ್ರೀತಿಸದ ಜೀವವೊಂದಕ್ಕಾಗಿ ನೀರಿನ ಬಟ್ಟಲನ್ನು ತಪ್ಪದೆ ತುಂಬುವ ಕೈಯಲ್ಲಿ ಕರುಣೆಯ ಅಂಶವಿಲ್ಲವೆಂದು ಯಾರೂ ಹೇಳಲಾರರು.

ಆದರೂ ಲೆಕ್ಕವೊಂದಿದೆ. ವಾರಕ್ಕೊಂದು ಹುಳುವಿನಂತೆ ವರ್ಷಕ್ಕೆ ೫೨. ಇಪ್ಪತ್ತು ವರ್ಷಗಳಿಗೆ ೧೦೪೦. ಜೇಡವನ್ನೂ ಚಿಮ್ಮಂಡೆಯನ್ನೂ ಜೈನಶಾಸ್ತ್ರವು ಚತುರಿಂದ್ರಿಯ ಜೀವಗಳ ಸಾಲಿನಲ್ಲಿಡುತ್ತದೆ. ಸ್ಪರ್ಶ, ರಸನ, ಘ್ರಾಣ, ಚಕ್ಷು ಎಂಬ ನಾಲ್ಕು ಇಂದ್ರಿಯಗಳು ಇವಕ್ಕುಂಟು. ಶ್ರೋತ್ರ ಮಾತ್ರ ಇಲ್ಲ. (ಜೇಡಕ್ಕೆ ಕಿವಿಯಿಲ್ಲದಿರುವುದು ದಿಟವೇ, ಕಾಲಿನ ಸೂಕ್ಷ್ಮ ರೋಮಗಳು ಗಾಳಿಯ ಕಂಪನವನ್ನು ಹಿಡಿಯುತ್ತವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಚಿಮ್ಮಂಡೆಗಾದರೋ ಮುಂಗಾಲುಗಳಲ್ಲೇ ಕೇಳುವ ಅಂಗವುಂಟೆಂದು ಅದೇ ವಿಜ್ಞಾನ ತಿಳಿಸುತ್ತದೆ. ಅದು ಬೇರೆಯೇ ಚರ್ಚೆಗೆ ವಸ್ತು.) ಪ್ರಸ್ತುತಕ್ಕೆ ಬೇಕಾದದ್ದು ಇಷ್ಟು: ಒಂದು ಚತುರಿಂದ್ರಿಯ ಜೀವಕ್ಕಾಗಿ ಸಾವಿರ ಚತುರಿಂದ್ರಿಯ ಜೀವಗಳು. ಅಣುವ್ರತಿಯಾದ ಗೃಹಸ್ಥನು ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು, ಎಂದರೆ ಬೇಕೆಂದೇ ಮಾಡುವ ಕೊಲೆಯನ್ನು ತ್ಯಜಿಸಿದವನು. ಅಡುಗೆ, ವ್ಯವಸಾಯ, ಆತ್ಮರಕ್ಷಣೆಗಳಲ್ಲಿ ತಪ್ಪಿಸಲಾಗದೆ ಆಗುವ ಹಿಂಸೆ ಬೇರೆ. ಮುಚ್ಚಳ ತೆರೆದು, ಬಲಿಯನ್ನು ಆರಿಸಿ, ಕೊಲ್ಲುವ ಜೀವಿಯ ಮುಂದೆ ಬಿಡುವುದು ಬೇರೆ.

"ಕೊಂದದ್ದು ಜೇಡ, ಹುಡುಗನಲ್ಲ" ಎಂಬ ವಾದಕ್ಕೆ ಕನ್ನಡದ ಓದುಗರು ಉತ್ತರವನ್ನು ದೂರದಲ್ಲಿ ಹುಡುಕಬೇಕಿಲ್ಲ. ಜನ್ನ ಕವಿಯು ೧೨೦೯ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಅರಸನು ಬಲಿಕೊಟ್ಟದ್ದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು. ಒಂದು ಹನಿ ರಕ್ತವೂ ಹರಿಯಲಿಲ್ಲ. ಆದರೂ ಆ ಸಂಕಲ್ಪದ ಫಲವನ್ನು ತಾಯಿಮಕ್ಕಳಿಬ್ಬರೂ ಜನ್ಮಜನ್ಮಗಳಲ್ಲಿ ಉಣ್ಣಬೇಕಾಯಿತು. ಹತ್ತನೆಯ ಶತಮಾನದ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಯ ನೆಲೆಯನ್ನು ಕೈಯಲ್ಲಿ ಕಾಣದೆ, ಒಳಗೆ ಹುಟ್ಟುವ ರಾಗಾದಿ ಭಾವಗಳಲ್ಲಿ ಕಾಣುತ್ತಾರೆ. ಈ ಅಳತೆಯಿಂದ ನೋಡಿದರೆ, ಜೇಡ ಎರಗುವ ಕ್ಷಣವನ್ನು ಕುತೂಹಲದಿಂದ ಕಾದು ಕುಳಿತು, ಗೆಳೆಯರನ್ನು ಕರೆದು ತೋರಿಸುವವನ ಸ್ಥಿತಿಯು, ತಲೆ ತಿರುಗಿಸಿಕೊಂಡು ಆಹಾರ ಹಾಕುವವನ ಸ್ಥಿತಿಗಿಂತ ಹೆಚ್ಚು ಚಿಂತಾಜನಕ. ಹುಳು ಮಾತ್ರ ಎರಡೂ ಕಡೆ ಸಾಯುತ್ತದೆ.

ಸಾಕುವಿಕೆಯನ್ನೇ ಕುರಿತು ಪೂರ್ವಾಚಾರ್ಯರು ಏನನ್ನಾದರೂ ಹೇಳಿರುವರೇ? ಹೇಳಿದ್ದಾರೆ, ಅದೂ ಎರಡೂ ಪರಂಪರೆಗಳಲ್ಲಿ. ಸ್ವಾಮಿಕುಮಾರರ ಕಾರ್ತಿಕೇಯಾನುಪ್ರೇಕ್ಷೆ ಎಂಬ ಪ್ರಾಕೃತ ಗ್ರಂಥವನ್ನು ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಡಾ. ಎ. ಎನ್. ಉಪಾಧ್ಯೆಯವರು ಸಂಪಾದಿಸಿದ್ದು, ೧೯೬೦ರಲ್ಲಿ ಅದು ಪ್ರಕಟವಾಯಿತು. ಅನರ್ಥದಂಡದ ಭೇದಗಳನ್ನು ಹೇಳುವಲ್ಲಿ ಆ ಗ್ರಂಥವು ಬೆಕ್ಕು ಮೊದಲಾದವನ್ನು ಇಟ್ಟುಕೊಳ್ಳುವುದನ್ನು ಆಯುಧಗಳ ಮಾರಾಟದೊಂದಿಗೆ ಒಂದೇ ಉಸಿರಿನಲ್ಲಿ ಎಣಿಸುತ್ತದೆ. ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ತಂದುಕೊಳ್ಳುವ ಪಾಪ. ಬೆಕ್ಕನ್ನು ಆಯುಧದ ಪಕ್ಕದಲ್ಲಿಟ್ಟದ್ದು ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ತಾನು ಕೊಲ್ಲದೆ ಕೊಲ್ಲುವ ಸಾಧನವನ್ನು ಮನೆಯಲ್ಲಿ ಪೋಷಿಸುವುದು ಎಂಬ ಅರ್ಥದಲ್ಲಿ ಎರಡೂ ಒಂದೇ. ಶ್ವೇತಾಂಬರ ಪರಂಪರೆಯಲ್ಲಿ, ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಅಸತೀಪೋಷಣವನ್ನು ಹೇಳುತ್ತದೆ: ಹಣಕ್ಕಾಗಿ ಗಿಳಿ, ಮೈನಾ, ಬೆಕ್ಕು, ನಾಯಿ, ಹುಂಜ, ನವಿಲು ಇತ್ಯಾದಿಗಳನ್ನು ಸಾಕುವುದು. ಇಲ್ಲಿ 'ಹಣಕ್ಕಾಗಿ' ಎಂಬ ಮಾತು ಮುಖ್ಯ. ಹವ್ಯಾಸಕ್ಕೆ ಸಾಕುವವನು ಆ ವಾಕ್ಯದಿಂದ ತಪ್ಪಿಸಿಕೊಳ್ಳಬಹುದು. ಮರಿ ಮಾಡಿಸಿ ಮಾರುವವನು ತಪ್ಪಿಸಿಕೊಳ್ಳಲಾರ. ಹವ್ಯಾಸವು ವ್ಯಾಪಾರವಾಗಲು ಹೆಚ್ಚು ದಿನ ಬೇಡ, ಏಕೆಂದರೆ ಒಂದೇ ತತ್ತಿಚೀಲದಿಂದ ನೂರಾರು ಮರಿಗಳು ಹೊರಬರುತ್ತವೆ, ಅಷ್ಟನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳಲಾರರು.

ಇಷ್ಟರಿಂದ ಅಜ್ಜಿಯ ಪಕ್ಷ ಗೆದ್ದಿತೆಂದು ಹೇಳುವುದು ಆತುರವಾಗುತ್ತದೆ. ಮೊಮ್ಮಗನ ಮಾತಿನ ತೂಕವನ್ನು ಅರಿಯಲು ದೆಹಲಿಗೆ ಹೋಗಬೇಕು. ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಗಾಯಗೊಂಡ ಪಕ್ಷಿಗಳಿಗಾಗಿಯೇ ಧರ್ಮಾರ್ಥ ಆಸ್ಪತ್ರೆಯೊಂದಿದೆ. ಪಾರಿವಾಳ, ಗಿಳಿ, ಗುಬ್ಬಿಗಳನ್ನು ಅಲ್ಲಿ ಒಳರೋಗಿಗಳಾಗಿ ಇರಿಸಿಕೊಳ್ಳುತ್ತಾರೆ. ಮಾಂಸಾಹಾರಿ ಪಕ್ಷಿಗಳಿಗೆ ಹೊರರೋಗಿಗಳ ರೀತಿಯಲ್ಲಿ ಚಿಕಿತ್ಸೆ ಮಾಡಿ ಕಳುಹಿಸುವುದು ಅಲ್ಲಿಯ ಪರಿಪಾಠವೆಂದು ಪ್ರಸಿದ್ಧವಾಗಿದೆ. ಗಾಯಕ್ಕೆ ಮದ್ದು ಉಂಟು, ಮಾಂಸದ ತುತ್ತು ಇಲ್ಲ. ಇದೊಂದು ಸೂಕ್ಷ್ಮವಾದ ಗೆರೆ. ಆದರೆ ಅದರ ಆಚೆಯ ಕಥೆಯೂ ಇದೆ. ದೆಹಲಿಯ ವಜೀರಾಬಾದಿನ ನದೀಮ್ ಮತ್ತು ಸೌದ್ ಎಂಬ ಸಹೋದರರು ಗಾಯಗೊಂಡ ಹದ್ದೊಂದನ್ನು ಹಕ್ಕಿಗಳ ಆಸ್ಪತ್ರೆಯೊಂದಕ್ಕೆ ಒಯ್ದಾಗ, ಅದು ಮಾಂಸಾಹಾರಿ ಎಂಬ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲವಂತೆ. ಅವರು ತಮ್ಮ ಮನೆಯ ನೆಲಮಾಳಿಗೆಯಲ್ಲೇ ಹದ್ದುಗಳ ಶುಶ್ರೂಷೆಯನ್ನು ಆರಂಭಿಸಿ ಸಾವಿರಾರು ಪಕ್ಷಿಗಳನ್ನು ಉಳಿಸಿದರು. ೨೦೨೨ರ 'ಆಲ್ ದಟ್ ಬ್ರೀದ್ಸ್' ಎಂಬ ಸಾಕ್ಷ್ಯಚಿತ್ರ ಅವರ ಕೆಲಸವನ್ನು ಲೋಕಕ್ಕೆ ತೋರಿಸಿತು. ಅಹಿಂಸೆಯ ಹೆಸರಿನಲ್ಲಿ ನರಳುವ ಜೀವಕ್ಕೆ ಬಾಗಿಲು ಮುಚ್ಚುವುದು ಸರಿಯೇ ಎಂಬ ಪ್ರಶ್ನೆ ಆ ಚಿತ್ರವನ್ನು ನೋಡಿದ ಜೈನರನ್ನು ಕಾಡದೆ ಬಿಡದು.

ಇನ್ನೊಂದು ಉದಾಹರಣೆ ಗುಜರಾತಿನದು. ಅಲ್ಲಿಯ ಹಳೆಯ ಪಾಂಜರಾಪೋಳಗಳಲ್ಲಿ ಜೀವಾತ್‌ಖಾನಾ ಎಂಬ ಕೋಣೆಗಳಿರುತ್ತಿದ್ದವು. ಮನೆಗಳಲ್ಲಿ ಗುಡಿಸಿ ತಂದ ಧೂಳು, ಹುಳಬಿದ್ದ ಕಾಳುಗಳನ್ನು ಅಲ್ಲಿ ಸುರಿದು, ಹುಳುಗಳಿಗೆ ತಿನ್ನಲು ಧಾನ್ಯ ಹಾಕಿ, ಅವು ತಮ್ಮ ಆಯುಷ್ಯವನ್ನು ತಾವೇ ಕಳೆಯುವಂತೆ ಬಿಡುತ್ತಿದ್ದರು. ಹುಳುವೆಂದು ಅಸಡ್ಡೆ ಮಾಡದ ಈ ಮನೋಭಾವವು ಮೊಮ್ಮಗನ ಮನೋಭಾವಕ್ಕೆ ದೂರದ ನೆಂಟನೇ. ಭೇದವಿರುವುದು ಒಂದೇ ಕಡೆ. ಜೀವಾತ್‌ಖಾನೆಯ ಹುಳು ಮತ್ತು ವಜೀರಾಬಾದಿನ ಹದ್ದು ಆಪತ್ತಿನಲ್ಲಿ ಬಂದವು. ಪೆಟ್ಟಿಗೆಯ ಜೇಡ ಆಪತ್ತಿನಲ್ಲಿರಲಿಲ್ಲ, ಅದನ್ನು ಆಸೆಯಿಂದ ಕೊಳ್ಳಲಾಯಿತು. ಒಂದು ಶುಶ್ರೂಷೆ, ಇನ್ನೊಂದು ಪರಿಗ್ರಹ. ಈ ವಿಚಾರದಲ್ಲಿ ನಿಜವಾದ ತಪ್ಪು ಇರುವುದು ಮೊದಲ ದಿನದಲ್ಲಿ, ಹಣ ಕೊಟ್ಟು ಪೆಟ್ಟಿಗೆ ತಂದ ದಿನದಲ್ಲಿ, ಎಂದು ಹೇಳಬೇಕಾಗುತ್ತದೆ. ಆಮೇಲಿನದೆಲ್ಲ ಆ ದಿನದ ಸಾಲ.

ಸಾಲವೆಂದದ್ದು ಏಕೆಂದರೆ, ತಂದ ಮೇಲೆ ಅದರಿಂದ ಸುಲಭದ ಬಿಡುಗಡೆಯಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಪೆಟ್ಟಿಗೆಯಲ್ಲಿಟ್ಟದ್ದು ಬಂಧ. ಅಜ್ಜಿಯ ಒತ್ತಾಯಕ್ಕೆ ಮಣಿದು ಹುಳು ಹಾಕುವುದನ್ನು ನಿಲ್ಲಿಸಿದರೆ ಅದು ಅನ್ನಪಾನನಿರೋಧ. ಸಾವಿರ ಹುಳುಗಳನ್ನು ಉಳಿಸಲು ಒಂದು ಜೇಡವನ್ನು ಕೊಂದರಾಯಿತು ಎನ್ನುವವರಿಗೆ ಅಮೃತಚಂದ್ರಾಚಾರ್ಯರು ಹಿಂದೆಯೇ ತಡೆ ಹಾಕಿದ್ದಾರೆ: ಒಂದನ್ನು ಕೊಂದರೆ ಹಲವು ಉಳಿಯುತ್ತವೆಂದು ಭಾವಿಸಿ ಹಿಂಸ್ರಪ್ರಾಣಿಯನ್ನು ಕೊಲ್ಲಕೂಡದು. ತೋಟಕ್ಕೋ ಕಾಡಿಗೋ ಬಿಟ್ಟುಬಿಡೋಣವೆಂದರೆ, ಮೆಕ್ಸಿಕೋದ ಒಣ ನೆಲದ ಜೇಡ ಗೋವಾದ ಮಳೆಗಾಲದಲ್ಲಿ ಬದುಕುವ ಭರವಸೆಯಿಲ್ಲ. ಬದುಕಿದರೆ ಇಲ್ಲಿಯ ಜೀವಿಗಳಿಗೆ ತೊಂದರೆ. ನಾಲ್ಕೂ ದಿಕ್ಕಿನಲ್ಲಿ ಗೋಡೆ.

ಕೆಲವರು ಮಧ್ಯದ ಹಾದಿಯನ್ನು ಹುಡುಕಿದ್ದುಂಟು. ಚಲಿಸದ ಆಹಾರವನ್ನು ಕೂಡ ಕೆಲವು ಟ್ಯಾರಂಟುಲಾಗಳು ಸ್ವೀಕರಿಸುತ್ತವೆ. ಆದರೆ ಅಂಗಡಿಯಿಂದ ಕೊಂದು ತಂದ ಹುಳುವನ್ನು ಹಾಕಿದರೆ ಕೊಲೆಯ ಸ್ಥಳ ಬದಲಾಯಿತೇ ಹೊರತು ಸಂಖ್ಯೆ ಬದಲಾಗಲಿಲ್ಲ. ಬೀದಿದೀಪದ ಕೆಳಗೆ ಬೆಳಗಿನ ಹೊತ್ತಿಗೆ ತಾವಾಗಿ ಸತ್ತುಬಿದ್ದ ಹುಳುಗಳನ್ನು ಆರಿಸಿ ತಂದರೆ ಹಿಂಸೆಯಿಲ್ಲವಲ್ಲ ಎನ್ನಬಹುದು. ಅವುಗಳಲ್ಲಿ ಕೀಟನಾಶಕದ ವಿಷ ಸೇರಿದ್ದರೆ ಜೇಡವೇ ಸಾಯುತ್ತದೆ. ಚಿಮ್ಮಂಡೆಯ ಆಯುಷ್ಯ ಹೇಗೂ ಕೆಲವೇ ತಿಂಗಳು, ಆದ್ದರಿಂದ ಅವನ್ನು ಸಾಕಿ, ಸಹಜವಾಗಿ ಸತ್ತದ್ದನ್ನು ಮಾತ್ರ ಕೊಡೋಣವೆಂದರೆ, ಒಂದು ಪೆಟ್ಟಿಗೆಯ ಬಂಧವನ್ನು ತಪ್ಪಿಸಲು ಇನ್ನೊಂದು ಪೆಟ್ಟಿಗೆಯನ್ನು ಮಾಡಿದಂತಾಯಿತು. ಆದರೂ ಮೂರರಲ್ಲಿ ಹೆಚ್ಚು ಒಪ್ಪತಕ್ಕದ್ದು ಈ ಕೊನೆಯದೇ. ಜೇಡವು ಅದನ್ನು ಮುಟ್ಟುವುದೆಂಬ ನಿಶ್ಚಯವಿಲ್ಲ. ಮುಟ್ಟದಿದ್ದರೆ, ಈಗಾಗಲೇ ಮನೆಯಲ್ಲಿರುವ ಆ ಒಂದು ಜೀವಕ್ಕೆ ಅದರ ಆಹಾರವನ್ನು ಕೊಟ್ಟು, ಅಗತ್ಯಕ್ಕಿಂತ ಒಂದು ಹುಳುವನ್ನೂ ಹೆಚ್ಚು ಹಾಕದೆ, ಜೊತೆಗೂಡಿಸದೆ, ಮರಿ ಮಾಡಿಸದೆ, ಮಾರದೆ, ಅದರ ಆಯುಷ್ಯ ತೀರುವವರೆಗೆ ನೋಡಿಕೊಳ್ಳುವುದೊಂದೇ ಉಳಿಯುತ್ತದೆ. ಅದು ನಿರ್ದೋಷವಲ್ಲ, ಪ್ರತಿಕ್ರಮಣದಲ್ಲಿ ಪ್ರತಿದಿನ ನೆನೆಯಬೇಕಾದ ದೋಷ. ಇಪ್ಪತ್ತು ವರ್ಷದ ಈ ಹೊಣೆಯನ್ನು ಅಂಗಡಿಯವನು ಹೇಳಿ ಮಾರುವುದಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೊಂಡ ಹುಡುಗನು ಓದಲು ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಮುಚ್ಚಳ ತೆರೆದು ಚಿಮ್ಮಂಡೆ ಬಿಡುವ ಕೆಲಸ ಬೀಳುವುದು ತಾಯಿಯ ಪಾಲಿಗೆ.

ಹುಡುಗನನ್ನು ಗದರಿಸಲು ಹೊರಟ ಹಿರಿಯರು ಒಮ್ಮೆ ಮನೆಯನ್ನೆಲ್ಲ ಸುತ್ತಿ ನೋಡುವುದು ಒಳ್ಳೆಯದು. ದಿವಾನಖಾನೆಯಲ್ಲಿ ಬಣ್ಣದ ಮೀನುಗಳ ತೊಟ್ಟಿಯಿದ್ದರೆ, ಅವಕ್ಕೆ ಹಾಕುವ ಕಾಳಿನ ಡಬ್ಬಿಯ ಮೇಲೆ ಬರೆದಿರುವುದನ್ನು ಓದಬಹುದು. ಅದರಲ್ಲಿ ಒಣಮೀನಿನ ಪುಡಿಯಿರುವುದು ಸಾಮಾನ್ಯ. ಪೂಜೆಗೆ ಉಟ್ಟ ರೇಷ್ಮೆಸೀರೆಯೊಂದಕ್ಕೆ ಸಾವಿರಾರು ಗೂಡುಗಳನ್ನು ಒಳಗಿನ ಜೀವಸಹಿತ ಕುದಿನೀರಿಗೆ ಹಾಕಿರುತ್ತಾರೆ. ಜೇಡದ ಇಪ್ಪತ್ತು ವರ್ಷದ ಲೆಕ್ಕಕ್ಕಿಂತ ಆ ಒಂದು ಸೀರೆಯ ಲೆಕ್ಕ ದೊಡ್ಡದು. ಕಟ್ಟಡದ ಸಂಘದವರು ಆಗಾಗ ಔಷಧ ಸಿಂಪಡಿಸುವವರನ್ನು ಕರೆಸುವಾಗ ಚಂದಾ ಕೊಡದ ಮನೆ ಯಾವುದು? ಇದರಿಂದ ಹುಡುಗನ ಪೆಟ್ಟಿಗೆ ನಿರ್ದೋಷವಾಗುವುದಿಲ್ಲ. ಆದರೆ ಕಣ್ಣಿಗೆ ಕಾಣುವ ಒಂದು ಹುಳುವಿನ ಸಾವಿಗೆ ಮರುಗುವ ಮನೆ, ಕಾಣದ ಸಾವಿರವನ್ನು ಮರೆತಿದ್ದರೆ, ಹುಡುಗನು ಅದನ್ನು ಎತ್ತಿ ತೋರಿಸಿದಾಗ ಉತ್ತರ ಹೇಳಲು ಸಿದ್ಧವಾಗಿರಬೇಕು. ಗಾಜಿನ ಪೆಟ್ಟಿಗೆಯ ಗುಣವೊಂದಿದ್ದರೆ ಅದು ಇದೇ: ಹಿಂಸೆ ಅಲ್ಲಿ ಮರೆಯಾಗಿಲ್ಲ.

ಹವ್ಯಾಸದ ಇನ್ನೊಂದು ಮುಖವು ಮನೆಯ ಹೊರಗಿನದು. ಆಂಧ್ರದ ಗುತ್ತಿ ರೈಲ್ವೆ ನಿಲ್ದಾಣದ ಮರದ ಅಡ್ಡೆಯಲ್ಲಿ ಸಿಕ್ಕ ನೀಲಿಬಣ್ಣದ ಜೇಡವೊಂದನ್ನು ಅದೇ ಪೋಕಾಕ್ ೧೮೯೯ರಲ್ಲಿ ವರ್ಣಿಸಿದ. ನೂರು ವರ್ಷ ಅದು ಮತ್ತೆ ಕಾಣಲಿಲ್ಲ. ೨೦೦೧ರಲ್ಲಿ ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಿನ ಕಾಡಿನಲ್ಲಿ ಪುನಃ ಪತ್ತೆಯಾಯಿತು. ಇಂದು ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹಳೆಯ ಮರಗಳ ಪೊಟರೆಗಳೇ ಅದರ ಮನೆ, ಆ ಮರಗಳು ಕಡಿಮೆಯಾಗುತ್ತಿವೆ. ಅತ್ತ ಯುರೋಪು, ಅಮೆರಿಕಗಳ ಹವ್ಯಾಸಿಗಳ ಪೆಟ್ಟಿಗೆಗಳಲ್ಲಿ ಅದರ ಸಂತತಿ ಬೆಳೆದು ಮಾರಾಟವಾಗುತ್ತಿದೆ. ಆ ಕುಲದ ಜೇಡಗಳೆಲ್ಲವನ್ನೂ ೨೦೧೯ರಲ್ಲಿ ಜಿನೀವಾದಲ್ಲಿ ಸೇರಿದ ಸೈಟಿಸ್ ಸಮ್ಮೇಳನವು ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದ ಪಟ್ಟಿಗೆ ಸೇರಿಸಿತು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೨೦೨೨ರಲ್ಲಿ ಆದ ತಿದ್ದುಪಡಿಯಿಂದ ಇಂತಹ ಪಟ್ಟಿಗಳಲ್ಲಿರುವ ಪರದೇಶದ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕಾಗಿದೆ. ಕದ್ದು ತಂದದ್ದನ್ನು ಕೊಂಡರೆ ಅದು ಅಚೌರ್ಯಾಣುವ್ರತಕ್ಕೂ ಮುಟ್ಟುತ್ತದೆ; ಕಳ್ಳಮಾಲನ್ನು ಸ್ವೀಕರಿಸುವುದು ಆ ವ್ರತದ ಅತಿಚಾರಗಳಲ್ಲೊಂದು.

ಜೇಡದ ಮೇಲೆ ನಿಜವಾದ ಆಸಕ್ತಿಯುಳ್ಳ ಮಕ್ಕಳಿಗೆ ಗೋವಾದಲ್ಲಿ ಪೆಟ್ಟಿಗೆ ಬೇಕಾಗಿಯೇ ಇಲ್ಲ. ಚೋರ್ಲಾ ಘಟ್ಟ, ಮೊಲೆಂಗಳ ಕಾಡಂಚಿನ ದರೆಗಳಲ್ಲಿ ಸಂಜೆಯ ಹೊತ್ತು, ತಿಳಿದವರ ಜೊತೆಯಲ್ಲಿ, ಕೈದೀಪ ಹಿಡಿದು ನೋಡಿದರೆ ಬಿಲದ ಬಾಯಿಗೆ ಬಂದು ಕುಳಿತ ಕಾಲುಗಳು ಕಾಣಬಹುದು. ಅಲ್ಲಿಯೂ ಅದು ಹುಳುವನ್ನು ಹಿಡಿದು ತಿನ್ನುತ್ತದೆ; ಆದರೆ ಅಲ್ಲಿ ಯಾವ ಮನುಷ್ಯನೂ ಮುಚ್ಚಳ ತೆಗೆಯುವುದಿಲ್ಲ, ಹುಳುವಿಗೂ ಓಡಲು ದಾರಿಯಿದೆ. ಬಿಲಕ್ಕೆ ಕಡ್ಡಿ ಹಾಕಿ ಕೆಣಕಬಾರದು, ನೀರು ಹೊಯ್ಯಬಾರದು. ಮಳೆ ಹಿಡಿದ ದಿನಗಳಲ್ಲಿ ಪ್ರಾಯಕ್ಕೆ ಬಂದ ಗಂಡುಜೇಡಗಳು ಹೆಣ್ಣನ್ನು ಅರಸಿ ಬಿಲದಿಂದ ಹೊರಬಿದ್ದು ಅಲೆಯುವಾಗ ಕಾಡಿನ ಸಮೀಪದ ಮನೆಗಳಿಗೂ ದಾರಿತಪ್ಪಿ ಬರುವುದುಂಟು. ಆಗ ಕೂಗಾಡದೆ, ಬರಿಗೈಯಿಂದ ಮುಟ್ಟದೆ, ಅಗಲವಾದ ಡಬ್ಬಿಯೊಂದನ್ನು ಮೆಲ್ಲಗೆ ಅದರ ಮೇಲೆ ಕವುಚಿ, ಅಡಿಗೆ ದಪ್ಪ ರಟ್ಟನ್ನು ಸರಿಸಿ, ಕಾಲುಗಳು ಸಿಕ್ಕಿಕೊಳ್ಳದಂತೆ ನೋಡಿಕೊಂಡು, ಮನೆಯಿಂದ ಸ್ವಲ್ಪ ದೂರದ ಪೊದೆಯ ಬುಡದಲ್ಲಿ, ನೆಲಕ್ಕೆ ತೀರ ಹತ್ತಿರವಾಗಿ ಬಾಗಿಸಿ ಬಿಡಬೇಕು. ಎತ್ತರದಿಂದ ಬೀಳಿಸಕೂಡದು.